55 ಇಂಚಿನ ಟಿವಿ: ಪರದೆ ನಿಮ್ಮದು, ಮೊದಲ ಪುಟ ಯಾರದ್ದು?

2025ರ ಸೆಪ್ಟೆಂಬರ್ 21ರವರೆಗೆ ನಮ್ಮ ದೇಶದಲ್ಲಿ ಟಿವಿಗೆ 32 ಇಂಚು ಅನ್ನೋದು ಒಂದು ಲಕ್ಷ್ಮಣರೇಖೆ ಆಗಿತ್ತು. ಅದರೊಳಗಿನ ಟಿವಿಗೆ 18% ಜಿಎಸ್‌ಟಿ, ದಾಟಿದರೆ 28%. ಅಂದರೆ ಸಿಗರೇಟು, ಪಾನ್ ಮಸಾಲಾ, ಐಷಾರಾಮಿ ಕಾರುಗಳು ಕೂತಿದ್ದ ಸ್ಲ್ಯಾಬಿನಲ್ಲೇ 43 ಇಂಚಿನ ಟಿವಿಯನ್ನೂ ಕೂರಿಸಲಾಗಿತ್ತು. ಬಡವರ ಮನೆಯ ಟಿವಿ ಎಷ್ಟು ದೊಡ್ಡದಿರಬಹುದು ಅಂತ ತೆರಿಗೆ ಪಟ್ಟಿಯೇ ಅಳತೆ ಕೊಟ್ಟಿತ್ತು ಅನ್ನಿ.

ಸೆಪ್ಟೆಂಬರ್ 22ರಿಂದ ಎಲ್ಲ ಅಳತೆಗೂ 18% ಆಯ್ತು. ತೆರಿಗೆ ಸೇರುವ ಮುಂಚೆ 40,000 ರೂಪಾಯಿ ಇರುವ ಟಿವಿ 51,200ಕ್ಕೆ ಬದಲು 47,200ಕ್ಕೆ ಸಿಗಬೇಕು. ನಾಲ್ಕು ಸಾವಿರದ ವ್ಯತ್ಯಾಸ. ಅಲ್ಲಿಂದೀಚೆಗೆ ನನ್ನ ಫೋನಿಗೆ ನೆಂಟರಿಷ್ಟರಿಂದ ಬರುವ ಪ್ರಶ್ನೆ ಒಂದೇ: "43 ತಗೊಳ್ಳೋದಾ, 55 ತಗೊಳ್ಳೋದಾ?" ಇತ್ತೀಚೆಗೆ ಕೇಳಿದವರು ಮಾಗಡಿ ತಾಲ್ಲೂಕಿನ, ಸಾವನದುರ್ಗದ ಬುಡದ ಹಳ್ಳಿಯಲ್ಲಿರುವ ನಮ್ಮ ಚಿಕ್ಕಮ್ಮ. ಗೃಹಲಕ್ಷ್ಮಿಯ 2,000ದಲ್ಲಿ ಒಂದಿಷ್ಟು, ಹಾಲಿನ ಡೇರಿ ಬಟವಾಡೆಯಲ್ಲಿ ಒಂದಿಷ್ಟು ಎತ್ತಿಟ್ಟುಕೊಂಡಿದ್ದಾರೆ. "ಗೋಡೆ ತುಂಬ ಕಾಣೋ ಅಂಥದ್ದು ಬೇಕು ಕಣಪ್ಪ, ಅಜ್ಜಿಗೆ ಚಿಕ್ಕದು ಕಾಣಲ್ಲ" ಅಂದರು.

ಈ ಮಾತಿಗೆ ಮೂಗು ಮುರಿಯುವವರಿದ್ದಾರೆ, ಗೊತ್ತು. "ಗ್ಯಾರಂಟಿ ದುಡ್ಡಲ್ಲಿ ದೊಡ್ಡ ಟಿವಿ ಬೇಕಿತ್ತಾ?" ಅನ್ನುವವರ ಮನೆಯಲ್ಲಿ ಅಂಥದ್ದೇ ಟಿವಿ ಇರುತ್ತದೆ, ಅದು ಬೇರೆ ಮಾತು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಹಸು ಕರೆಯುವ ಹೆಂಗಸು ಸಂಜೆ ಯಾವ ಅಳತೆಯ ಪರದೆ ನೋಡಬೇಕು ಅನ್ನೋದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಹಾಗಾಗಿ ಈ ಲೇಖನದಲ್ಲಿ "ಬೇಕಾ" ಅನ್ನೋ ಪ್ರಶ್ನೆ ಇಲ್ಲ. ಇರುವುದು ಎರಡು ಪ್ರಶ್ನೆ. ಯಾವುದು ತಗೋಬೇಕು? ತಂದ ಮೇಲೆ, ಆನ್ ಮಾಡಿದ ತಕ್ಷಣ ಅದರಲ್ಲಿ ಏನು ಕಾಣಬೇಕು ಅಂತ ತೀರ್ಮಾನಿಸೋರು ಯಾರು? ಅಂಗಡಿಯವರು ಮೊದಲನೆಯದಕ್ಕೆ ಅರ್ಧ ಉತ್ತರ ಕೊಡ್ತಾರೆ. ಎರಡನೆಯದನ್ನು ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ.

ಇಂಚಿಗಿಂತ ಮುಂಚೆ ಅಡಿ

ಟಿವಿಯ ಇಂಚು ಅಂದರೆ ಅಗಲ ಅಲ್ಲ, ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದ ಉದ್ದ. 55 ಇಂಚಿನ ಪರದೆ ಸುಮಾರು 4 ಅಡಿ ಅಗಲ, 2 ಅಡಿ 3 ಇಂಚು ಎತ್ತರ ಇರುತ್ತದೆ. ಅಂಗಡಿಯ ಎತ್ತರದ ಸೂರಿನ ಕೆಳಗೆ ಚಿಕ್ಕದಾಗಿ ಕಂಡದ್ದು ಮನೆಯ ಹಾಲ್‌ಗೆ ಬಂದಾಗ ದೈತ್ಯನಂತೆ ಕಾಣುವುದು ಅದಕ್ಕೇ. ಖರೀದಿಗೆ ಮುಂಚೆ ಹಳೇ ದಿನಪತ್ರಿಕೆಗಳನ್ನು ಆ ಅಳತೆಗೆ ಅಂಟಿಸಿ ಗೋಡೆಗೆ ಒಂದು ದಿನ ತೂಗುಹಾಕಿ ನೋಡಿ. ಖರ್ಚಿಲ್ಲದ ಪರೀಕ್ಷೆ.

ಆಮೇಲೆ ಕೂರುವ ಜಾಗದಿಂದ ಗೋಡೆಗೆ ಎಷ್ಟು ಅಡಿ ಅಂತ ಅಳೆಯಿರಿ. ಲೆಕ್ಕ ಸುಲಭ: ಇಂಚನ್ನು 1.6ರಿಂದ ಗುಣಿಸಿ, 12ರಿಂದ ಭಾಗಿಸಿದರೆ ಆರಾಮವಾಗಿ ನೋಡುವ ದೂರ ಅಡಿಯಲ್ಲಿ ಸಿಗುತ್ತದೆ. 43 ಇಂಚಿಗೆ ಹೆಚ್ಚುಕಡಿಮೆ 5 ಮುಕ್ಕಾಲು ಅಡಿ, 55ಕ್ಕೆ 7 ಅಡಿ 4 ಇಂಚು, 65ಕ್ಕೆ 8 ಅಡಿ 8 ಇಂಚು. ಚಿಕ್ಕಮ್ಮನ ಹಾಲ್‌ನಲ್ಲಿ ದಿವಾನಿನಿಂದ ಗೋಡೆಗೆ 8 ಅಡಿ. ಅಲ್ಲಿಗೆ 55 ಸರಿ. 65 ತಂದರೆ ಕ್ರಿಕೆಟ್ ನೋಡುವಾಗ ಬೌಲರ್‌ನಿಂದ ಸ್ಕೋರಿಗೆ ಕತ್ತು ತಿರುಗಿಸಬೇಕಾಗಬಹುದು.

ಎತ್ತರದ ವಿಷಯ ಇನ್ನೂ ಮುಖ್ಯ. ನಮ್ಮ ಕಡೆ ಬಹಳ ಮನೆಗಳಲ್ಲಿ ಟಿವಿಯನ್ನು ದೇವರ ಫೋಟೊದ ಎತ್ತರಕ್ಕೆ, ಸಜ್ಜೆಯ ಕೆಳಗೆ ಹೊಡೆದುಬಿಡ್ತಾರೆ. ನೋಡುವವರು ಮಾತ್ರ ನೆಲದ ಮೇಲೆ ಚಾಪೆ ಹಾಸಿ ಕೂತಿರ್ತಾರೆ. ಕೂತವರ ಕಣ್ಣಿನ ಮಟ್ಟಕ್ಕೆ ಪರದೆಯ ನಡುಭಾಗ ಬಂದರೆ ಸಾಕು. ಮೊಳೆ ಹೊಡೆಯುವವನು ಬಂದಾಗ ನೀವೇ ಚಾಪೆ ಮೇಲೆ ಕೂತು ತೋರಿಸಿ.

ಕರಿಗುಡ್ಡ ಕಪ್ಪಗೇ ಕಾಣಬೇಕು

ಸಾವನದುರ್ಗದಲ್ಲಿ ಕರಿಗುಡ್ಡ, ಬಿಳಿಗುಡ್ಡ ಅಂತ ಎರಡಿವೆ. ಡೇವಿಡ್ ಲೀನ್ ತಮ್ಮ ಕೊನೆಯ ಸಿನಿಮಾ 'ಎ ಪ್ಯಾಸೇಜ್ ಟು ಇಂಡಿಯಾ'ದ ಮರಬಾರ್ ಗುಹೆಯ ದೃಶ್ಯಗಳಿಗೆ ಆರಿಸಿಕೊಂಡಿದ್ದು ಈ ಬಂಡೆಗಳನ್ನೇ. ಸಿನಿಮಾ ಬಂದಿದ್ದು 1984ರಲ್ಲಿ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಗುಹೆಯ ಕತ್ತಲು. ಟಿವಿ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ದೃಶ್ಯ ಬೇಕಿಲ್ಲ. ಯಾಕೆಂದರೆ ಅಗ್ಗದ ಪರದೆ ಸೋಲುವುದು ಬಣ್ಣದಲ್ಲಲ್ಲ, ಕಪ್ಪಿನಲ್ಲಿ.

ಯಾಕೆ ಅಂತ ನೋಡೋಣ. ಅಂಗಡಿಯಲ್ಲಿ "ಎಲ್‌ಇಡಿ ಟಿವಿ" ಅಂತ ಕೊಡುವುದು ಅಸಲಿಗೆ ಎಲ್‌ಸಿಡಿ. ಹಿಂದೆ ಸದಾ ಉರಿಯುವ ದೀಪಗಳು, ಮುಂದೆ ಬೆಳಕನ್ನು ಬಿಡುವ-ತಡೆಯುವ ಪದರ. ಕತ್ತಲ ದೃಶ್ಯದಲ್ಲೂ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ, ಬೆಳಕು ಸೋರುತ್ತದೆ, ಕರಿಗುಡ್ಡ ಬೂದುಗುಡ್ಡ ಆಗುತ್ತದೆ. ಈ ಪದರದಲ್ಲಿ ಎರಡು ಬಗೆ. ವಿಎ ಅನ್ನುವುದರಲ್ಲಿ ಕಪ್ಪು ಗಟ್ಟಿ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ಮಾಸುತ್ತದೆ. ಐಪಿಎಸ್ ಅನ್ನುವುದರಲ್ಲಿ ಪಕ್ಕದಿಂದಲೂ ಚೆನ್ನಾಗಿ ಕಾಣುತ್ತದೆ, ಕಪ್ಪು ಮಾತ್ರ ತೆಳು. ಹತ್ತು ಜನ ಹಾಲ್‌ನ ಮೂಲೆಮೂಲೆಯಲ್ಲಿ ಕೂತು ನೋಡುವ ಮನೆಗೆ ಐಪಿಎಸ್, ಮೂರ್ನಾಲ್ಕು ಜನ ಎದುರಿಗೇ ಕೂತು ರಾತ್ರಿ ಸಿನಿಮಾ ನೋಡುವ ಮನೆಗೆ ವಿಎ.

ಕ್ಯೂಎಲ್‌ಇಡಿ ಅಂದರೆ ಇದೇ ಎಲ್‌ಸಿಡಿಗೆ ಬಣ್ಣ ಶುದ್ಧಗೊಳಿಸುವ ಇನ್ನೊಂದು ಪದರ ಸೇರಿಸಿದ್ದು. ಕಪ್ಪಿಗೆ ಅದರಿಂದ ಹೆಚ್ಚು ಲಾಭ ಇಲ್ಲ. ಮಿನಿ ಎಲ್‌ಇಡಿ ಅಂದರೆ ಹಿಂದಿನ ದೀಪಗಳನ್ನು ಸಣ್ಣ ಸಣ್ಣ ಗುಂಪು ಮಾಡಿ, ಕತ್ತಲಿರುವ ಕಡೆ ಆರಿಸುವ ವ್ಯವಸ್ಥೆ. ಇಲ್ಲಿ ನಿಜವಾದ ವ್ಯತ್ಯಾಸ ಕಾಣುತ್ತದೆ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗಿ ತಾನೇ ಆರುತ್ತದೆ, ಕಪ್ಪು ಅಂದರೆ ಕಪ್ಪು. ಆದರೆ ಬೆಲೆ ಜಾಸ್ತಿ. ಇನ್ನೊಂದು ತೊಡಕೂ ಇದೆ: ದಿನವಿಡೀ ಒಂದೇ ಲೋಗೊ, ಒಂದೇ ಕೆಂಪು ಪಟ್ಟಿ ನಿಂತಿರುವ ಚಾನೆಲ್ ಹಾಕಿಟ್ಟರೆ ಆ ಗುರುತು ಪರದೆಯಲ್ಲಿ ಕಾಯಂ ಉಳಿಯುವ ಅಪಾಯವಿದೆ. ಬೆಳಗ್ಗೆಯಿಂದ ರಾತ್ರಿವರೆಗೆ ನ್ಯೂಸ್ ಚಾನೆಲ್ ಓಡುವ ಮನೆಗೆ ಓಎಲ್‌ಇಡಿ ಬೇಡ. ಬಾಗಿಲು ತೆರೆದಿಟ್ಟ, ಹಗಲು ಬೆಳಕು ಸುರಿಯುವ ಹಳ್ಳಿ ಮನೆಗೆ ಹೆಚ್ಚು ಪ್ರಖರತೆ ಇರುವ ಎಲ್‌ಸಿಡಿಯೇ ವಾಸಿ. ಡಬ್ಬದ ಮೇಲಿನ "ಎಚ್‌ಡಿಆರ್" ಪದಕ್ಕೂ ಮರುಳಾಗಬೇಡಿ. ಪ್ರಖರತೆ 300 ನಿಟ್ಸ್ ಆಸುಪಾಸಿನ ಟಿವಿಗೆ ಎಚ್‌ಡಿಆರ್ ಸಿಗ್ನಲ್ ಅರ್ಥವಾಗುತ್ತದೆ, ತೋರಿಸುವ ತಾಕತ್ತು ಇರುವುದಿಲ್ಲ.

ಇನ್ನೊಂದು ಸ್ಥಳೀಯ ಸಾಕ್ಷಿ 'ಶೋಲೆ'. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿ, 70 ಎಂಎಂನಲ್ಲಿ ಬಿಡುಗಡೆಯಾದ ಸಿನಿಮಾ. ಆ ಚಿತ್ರದ ಅಗಲ ಎತ್ತರದ 2.2ರಷ್ಟು. ಟಿವಿಯ ಅಗಲ ಎತ್ತರದ 1.78ರಷ್ಟು ಮಾತ್ರ. ಹಾಗಾಗಿ 55 ಇಂಚಿನಲ್ಲಿ ಮೇಲೆ-ಕೆಳಗೆ ಎರಡೂವರೆ ಇಂಚಿನಷ್ಟು ಕಪ್ಪು ಪಟ್ಟಿ ಬರುತ್ತದೆ. ಅದು ಟಿವಿಯ ದೋಷ ಅಲ್ಲ. "ಫುಲ್ ಬರ್ತಿಲ್ಲ" ಅಂತ ಝೂಮ್ ಒತ್ತಿದರೆ ಎರಡೂ ಬದಿಯ ಬಂಡೆಗಳು ಕತ್ತರಿಸಿ ಹೋಗ್ತವೆ.

ಒಂದು ಚುಕ್ಕೆಗೆ ಇಪ್ಪತ್ತು

4ಕೆ ಪರದೆಯಲ್ಲಿ 3840 ಅಡ್ಡ, 2160 ಉದ್ದ ಚುಕ್ಕೆಗಳು. ನಮ್ಮ ಕೇಬಲ್‌ನಲ್ಲಿ ಬರುವ ಎಸ್‌ಡಿ ಚಾನೆಲ್‌ನಲ್ಲಿ 720 ಅಡ್ಡ, 576 ಉದ್ದ. ಭಾಗಿಸಿ ನೋಡಿ: ಸರಿಯಾಗಿ ಇಪ್ಪತ್ತು ಪಟ್ಟು. ಅಂದರೆ ಎಸ್‌ಡಿ ಧಾರಾವಾಹಿ ನೋಡುವಾಗ ಪರದೆಯ ಪ್ರತಿ ಇಪ್ಪತ್ತು ಚುಕ್ಕೆಯಲ್ಲಿ ಹತ್ತೊಂಬತ್ತನ್ನು ಟಿವಿಯೇ ಊಹಿಸಿ ತುಂಬುತ್ತದೆ. ಹಳೇ ಸಣ್ಣ ಟಿವಿಯಲ್ಲಿ ಚೆನ್ನಾಗಿದ್ದ ಚಾನೆಲ್ ಹೊಸ ದೊಡ್ಡ ಟಿವಿಯಲ್ಲಿ ಕಲಸಿದಂತೆ ಕಾಣುವ ಗುಟ್ಟು ಇದು.

ಅಂಗಡಿಯಲ್ಲಿ ಇದು ಗೊತ್ತಾಗಲ್ಲ. ಅಲ್ಲಿ ಓಡುವುದು ಕಂಪನಿಯವರೇ ಕೊಟ್ಟ, ಹೂವು-ಗಿಣಿ-ಜಲಪಾತದ ಡೆಮೊ ವಿಡಿಯೊ. ಅದೂ ಬಣ್ಣ ಉಕ್ಕಿಸುವ ಮೋಡ್‌ನಲ್ಲಿ. ಆದ್ದರಿಂದ ಮಾಗಡಿಯಲ್ಲಾಗಲಿ ಬೆಂಗಳೂರಲ್ಲಾಗಲಿ, ಅಂಗಡಿಗೆ ಹೋಗುವಾಗ ಜೇಬಲ್ಲಿ ಪೆನ್‌ಡ್ರೈವ್ ಇರಲಿ. ರಾತ್ರಿಯ ದೃಶ್ಯವಿರುವ ಒಂದು ವಿಡಿಯೊ, ನೀವೇ ಫೋನಲ್ಲಿ ತೆಗೆದ ಜಾತ್ರೆಯ ವಿಡಿಯೊ, ಮಾತು ಜಾಸ್ತಿ ಇರುವ ಒಂದು ಕನ್ನಡ ತುಣುಕು. ಜೊತೆಗೆ ಅಂಗಡಿಯ ಸೆಟ್‌ಟಾಪ್ ಬಾಕ್ಸ್‌ನಲ್ಲಿ ಒಂದು ಎಸ್‌ಡಿ ಕನ್ನಡ ಚಾನೆಲ್ ಹಾಕಿಸಿ. "ಹೋಮ್ ಮೋಡ್‌ಗೆ ಹಾಕಿ ತೋರಿಸಿ" ಅನ್ನಿ. ಅರ್ಧ ಟಿವಿಗಳು ಅಲ್ಲೇ ಔಟ್.

ಮಾತು ಕೇಳಿಸಿಕೊಳ್ಳೋದನ್ನೂ ಮರೀಬೇಡಿ. ಟಿವಿ ತೆಳ್ಳಗಾದಷ್ಟೂ ಸ್ಪೀಕರ್ ಚಿಕ್ಕದು, ಸದ್ದು ಹಿಂದಕ್ಕೋ ಕೆಳಕ್ಕೋ ಹೋಗುತ್ತದೆ. ಅಜ್ಜಿ ಇರುವ ಮನೆಯಲ್ಲಿ ಚಿತ್ರಕ್ಕಿಂತ ಸಂಭಾಷಣೆ ಸ್ಪಷ್ಟ ಕೇಳುವುದು ದೊಡ್ಡ ವಿಷಯ. 65ರ ಬದಲು 55 ತಗೊಂಡು ಉಳಿದ ದುಡ್ಡಲ್ಲಿ ಒಂದು ಸಾಧಾರಣ ಸೌಂಡ್‌ಬಾರ್ ಹಾಕಿಸುವುದು ಜಾಣತನ.

ಕರೆಂಟು, ಡೇಟಾ, ಕಂತು

"ಕರೆಂಟ್ ಬಿಲ್ ಬತ್ತದಾ?" ಅನ್ನೋದು ಚಿಕ್ಕಮ್ಮನ ಎರಡನೇ ಪ್ರಶ್ನೆ. ಗೃಹಜ್ಯೋತಿ ಇರುವ ರಾಜ್ಯದಲ್ಲಿ ಇದು ಸರಿಯಾದ ಪ್ರಶ್ನೆ. 200 ಯೂನಿಟ್‌ವರೆಗೆ ಎಲ್ಲರಿಗೂ ಪೂರ್ತಿ ಉಚಿತ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. 2022-23ರಲ್ಲಿ ನಿಮ್ಮ ಮನೆ ಬಳಸಿದ ಸರಾಸರಿ, ಅದರ ಮೇಲೆ 10%. ಅದೇ ನಿಮ್ಮ ಉಚಿತದ ಮಿತಿ. ತೀರಾ ಕಡಿಮೆ, ಅಂದರೆ 48 ಯೂನಿಟ್‌ಗಿಂತ ಕೆಳಗೆ ಬಳಸುವ ಮನೆಗಳಿಗೆ 10% ಬದಲು 10 ಯೂನಿಟ್ ಸೇರಿಸಿಕೊಡುವ ಬದಲಾವಣೆ 2024ರಲ್ಲಿ ಬಂತು. ಮಿತಿ ದಾಟಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್.

ಈಗ ಲೆಕ್ಕ. 32 ಇಂಚಿನ ಟಿವಿ 50 ವ್ಯಾಟ್ ಅಂತಿಟ್ಟುಕೊಳ್ಳಿ, 55 ಇಂಚಿನದು 120 ವ್ಯಾಟ್. ದಿನಕ್ಕೆ 5 ಗಂಟೆ ಓಡಿದರೆ ತಿಂಗಳಿಗೆ ಮೊದಲನೆಯದು 7.5 ಯೂನಿಟ್, ಎರಡನೆಯದು 18. ಹೆಚ್ಚಾಗುವುದು ಹತ್ತೂವರೆ ಯೂನಿಟ್. ಸರಾಸರಿ 60 ಯೂನಿಟ್ ಬಳಸುತ್ತಿದ್ದ ಮನೆಗೆ ಸಿಗುವ ಹೆಚ್ಚುವರಿ 6 ಯೂನಿಟ್ ಮಾತ್ರ. ಹಾಗಾಗಿ ದೊಡ್ಡ ಟಿವಿ ಬಂದ ಮೇಲೆ ಸೊನ್ನೆ ಬಿಲ್ ಸಣ್ಣ ಬಿಲ್ ಆಗಬಹುದು. ಬೆದರುವಂಥದ್ದೇನಲ್ಲ, ಆದರೆ ಮೊದಲೇ ಗೊತ್ತಿರಲಿ. ಬಿಇಇ ಸ್ಟಾರ್ ಲೇಬಲ್‌ನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ. ನಕ್ಷತ್ರ ಎಣಿಸುವುದಕ್ಕಿಂತ ಆ ಸಂಖ್ಯೆ ಓದಿ.

ಡೇಟಾದ ಲೆಕ್ಕ ಇನ್ನೂ ಖಡಕ್. ನೆಟ್‌ಫ್ಲಿಕ್ಸ್ ತಾನೇ ಹೇಳುವಂತೆ ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೆ, 4ಕೆಯಲ್ಲಿ 7 ಜಿಬಿವರೆಗೆ ಹೋಗುತ್ತದೆ. ಫೋನಿನ ಹಾಟ್‌ಸ್ಪಾಟ್ ನಂಬಿಕೊಂಡರೆ, ದಿನಕ್ಕೆ 2 ಜಿಬಿ ಪ್ಯಾಕ್‌ನಲ್ಲಿ ಎಚ್‌ಡಿ 40 ನಿಮಿಷ ಬರಬಹುದು. ಇಂಟರ್‌ವಲ್‌ವರೆಗೂ ಇಲ್ಲ! ಆದ್ದರಿಂದ ಊರಿಗೆ ಫೈಬರ್ ಬಂದಿದೆಯಾ ಅಂತ ಕೇಬಲ್‌ನವರನ್ನು ಮೊದಲು ಕೇಳಿ, ಆಮೇಲೆ 4ಕೆ ಮಾತಾಡಿ.

ಇನ್ನು "ನೋ ಕಾಸ್ಟ್ ಇಎಂಐ". ಶೂನ್ಯ ಬಡ್ಡಿ ಅನ್ನೋ ವಸ್ತುವೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ಬಡ್ಡಿಯನ್ನು ಬೆಲೆಯ ರಿಯಾಯಿತಿಯಲ್ಲಿ ಅಡಗಿಸಿಡ್ತಾರೆ, ಅದರ ಮೇಲೆ ಪ್ರೊಸೆಸಿಂಗ್ ಶುಲ್ಕ ಇರುತ್ತದೆ. ಕಾರ್ಡ್ ಇಎಂಐ ಆದರೆ ಬಡ್ಡಿಯ ಭಾಗಕ್ಕೆ ಜಿಎಸ್‌ಟಿಯೂ ಸೇರುತ್ತದೆ. ಅಂಗಡಿಯವರಿಗೆ ಒಂದೇ ಪ್ರಶ್ನೆ ಹಾಕಿ: "ಈಗಲೇ ಪೂರ್ತಿ ದುಡ್ಡು ಕೊಟ್ರೆ ಎಷ್ಟಕ್ಕೆ ಕೊಡ್ತೀರಾ?" ಆ ಬೆಲೆಗೂ ಕಂತಿನ ಒಟ್ಟು ಮೊತ್ತಕ್ಕೂ ಇರುವ ವ್ಯತ್ಯಾಸವೇ ಬಡ್ಡಿ. ಹಬ್ಬದ ಸೇಲ್‌ನಲ್ಲಿ ಮಾಡೆಲ್ ನಂಬರ್ ಪೂರ್ತಿ ಓದಿ. ಒಂದಕ್ಷರ ಬದಲಾದರೆ ಒಳಗಿನ ಪರದೆಯೇ ಬೇರೆ ಇರಬಹುದು. ಪರದೆ ಒಡೆದರೆ ಅದನ್ನು ಬದಲಿಸುವ ಖರ್ಚು ಹೊಸ ಟಿವಿಯ ಹತ್ತಿರಕ್ಕೆ ಹೋಗುತ್ತದೆ. ಹಾಗಾಗಿ ಸರ್ವಿಸ್ ಮಾಡುವವರು ಮಾಗಡಿಗೋ ರಾಮನಗರಕ್ಕೋ ಬರ್ತಾರಾ ಅನ್ನೋದನ್ನು ಬಿಲ್ ಹಾಕಿಸುವ ಮುಂಚೆಯೇ ಕೇಳಿ. ಗುಡುಗು-ಸಿಡಿಲಿನ ಸಂಜೆ ಪ್ಲಗ್ ಮಾತ್ರ ಅಲ್ಲ, ಡಿಶ್‌ನ ವೈರೂ ಕಿತ್ತಿಡಿ.

ಇಷ್ಟು ಮಾಡಿದರೆ ಒಳ್ಳೆಯ ಪರದೆ ಮನೆಗೆ ಬರುತ್ತದೆ. ಈಗ ಎರಡನೇ ಪ್ರಶ್ನೆ.

ಮೊದಲ ಪುಟದ ಯಜಮಾನರು

1975ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಳ್ಳಿ. ತುರ್ತು ಪರಿಸ್ಥಿತಿ ಹೇರಿ ಎರಡು ತಿಂಗಳೂ ಆಗಿರಲಿಲ್ಲ. ಆಗಸ್ಟ್ 15ಕ್ಕೆ ರಾಮನಗರದ ಬಂಡೆಗಳು 'ಶೋಲೆ'ಯಾಗಿ ದೊಡ್ಡ ಪರದೆಗೆ ಬಂದವು. ಅದಕ್ಕೆ ಎರಡು ವಾರ ಮುಂಚೆ, ಆಗಸ್ಟ್ 1ಕ್ಕೆ, ಸೈಟ್ ಅನ್ನುವ ಉಪಗ್ರಹ ಟಿವಿ ಪ್ರಯೋಗ ಶುರುವಾಗಿತ್ತು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಒಂದು ವರ್ಷ ಕಾರ್ಯಕ್ರಮ ಕಳಿಸಿದರು. ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಯ ಹಳ್ಳಿಗಳಿದ್ದವು. ಟಿವಿ ಯಾರ ಮನೆಯದೂ ಅಲ್ಲ, ಊರಿನದು. ನೋಡುವವರು ಊರಿನವರು, ಏನು ನೋಡಬೇಕು ಅಂತ ತೀರ್ಮಾನಿಸಿದ್ದು ಸರ್ಕಾರ.

ಆಮೇಲೆ ಕೇಬಲ್ ಬಂತು. ಏನು ಮೊದಲು ಕಾಣಬೇಕು ಅನ್ನೋದು ಕೇಬಲ್‌ನವರ ಕೈಗೆ ಹೋಯ್ತು. ಬಾಕ್ಸ್ ಆನ್ ಮಾಡಿದ ತಕ್ಷಣ ನೀವು ಕೇಳದಿದ್ದರೂ ಒಂದು ಚಾನೆಲ್ ಬರುತ್ತಲ್ಲ, ಅದನ್ನು ಲ್ಯಾಂಡಿಂಗ್ ಪೇಜ್ ಅಂತಾರೆ. ಅದು ಮಾರಾಟದ ಜಾಗ. ಟಿಆರ್‌ಪಿ ಏರಿಸಿಕೊಳ್ಳಲು ಚಾನೆಲ್‌ಗಳು ಅದಕ್ಕೆ ದುಡ್ಡು ಸುರಿದವು. 2018ರ ಡಿಸೆಂಬರ್‌ನಲ್ಲಿ ಟ್ರಾಯ್ ಇದಕ್ಕೆ ತಡೆ ಹಾಕುವ ನಿರ್ದೇಶನ ಕೊಟ್ಟಿತು, 2019ರಲ್ಲಿ ಟಿಡಿಸ್ಯಾಟ್ ಅದನ್ನು ರದ್ದು ಮಾಡಿತು.

ಈಗ ಸ್ಮಾರ್ಟ್ ಟಿವಿ. ಆನ್ ಮಾಡಿದರೆ ಬರುವ ಮೊದಲ ಪುಟವೇ ಹೊಸ ಲ್ಯಾಂಡಿಂಗ್ ಪೇಜ್. ಮೇಲಿನ ದೊಡ್ಡ ಬ್ಯಾನರ್, "ನಿಮಗಾಗಿ" ಅನ್ನುವ ಸಾಲು, ರಿಮೋಟ್‌ನಲ್ಲಿ ಒಟಿಟಿ ಹೆಸರಿನ ಗುಂಡಿಗಳು. ಇವೆಲ್ಲ ವ್ಯಾಪಾರದ ಜಾಗಗಳು. ಟಿವಿಗೆ ದುಡ್ಡು ಕೊಟ್ಟವರು ನೀವು, ಆ ಜಾಗದ ಬಾಡಿಗೆ ಹೋಗುವುದು ಕಂಪನಿಗೆ.

ಈ ಬಾಗಿಲಲ್ಲಿ ಕೂತಿರುವವರ ಬಲ ಎಷ್ಟು ಅನ್ನೋದು ನಮ್ಮಲ್ಲೇ ದಾಖಲಾಗಿದೆ. ಆಂಡ್ರಾಯ್ಡ್ ಟಿವಿ ಮಾಡಬೇಕಾದ ಕಂಪನಿಗಳು ಗೂಗಲ್‌ನ ಆ್ಯಪ್‌ಗಳ ಇಡೀ ಕಟ್ಟನ್ನೇ ಹಾಕಬೇಕು ಅನ್ನುವ ಷರತ್ತಿನ ಬಗ್ಗೆ ಭಾರತೀಯ ಸ್ಪರ್ಧಾ ಆಯೋಗ ತನಿಖೆ ಮಾಡಿಸಿತು. 2025ರ ಏಪ್ರಿಲ್‌ನಲ್ಲಿ ಪ್ರಕರಣ ರಾಜಿಯಲ್ಲಿ ಮುಗಿಯಿತು. ಗೂಗಲ್ 20.24 ಕೋಟಿ ರೂಪಾಯಿ ಕಟ್ಟಿತು. ಇಡೀ ಕಟ್ಟನ್ನು ಹೇರದೆ ಪ್ಲೇ ಸ್ಟೋರ್‌ಗೆ ಪ್ರತ್ಯೇಕ ಪರವಾನಗಿ ಕೊಡಲು ಒಪ್ಪಿತು.

ಕನ್ನಡದವರಿಗೆ ಇದು ದೂರದ ಕಥೆ ಅಲ್ಲ. 2024ರಲ್ಲಿ ರಕ್ಷಿತ್ ಶೆಟ್ಟಿ ಬಳಗ 'ಏಕಂ' ಸರಣಿಯನ್ನು ದೊಡ್ಡ ಒಟಿಟಿಗಳಲ್ಲಿ ಜಾಗ ಸಿಗದೆ ಸ್ವಂತ ವೆಬ್‌ಸೈಟ್‌ನಲ್ಲಿ ಬಿಡುಗಡೆ ಮಾಡಬೇಕಾಯ್ತು. ಟಿವಿಯ ಮೊದಲ ಪುಟದಲ್ಲಿ ಅಂಥದ್ದಕ್ಕೆ ಗುಂಡಿ ಇಲ್ಲ. ಬಹಳ ಟಿವಿಗಳಲ್ಲಿ ನೆಟ್ಟಗೆ ಒಂದು ಬ್ರೌಸರ್ ಕೂಡ ಇಲ್ಲ. ಒಂದು ಸರಣಿ ಚೆನ್ನಾಗಿದೆಯೋ ಇಲ್ಲವೋ ಅನ್ನುವ ತೀರ್ಪು ನೋಡುವವರಿಗೆ ಬಿಡಬೇಕಾದದ್ದು. ಇಲ್ಲಿ ಅದು ಬಾಗಿಲಲ್ಲೇ ಮುಗಿದುಹೋಗುತ್ತದೆ.

ನಿಮ್ಮನ್ನು ನೋಡುವ ಟಿವಿ

ಇನ್ನೊಂದು ಪದ ತಿಳಿದಿರಲಿ: ಎಸಿಆರ್. ಪರದೆಯಲ್ಲಿ ಏನು ಓಡುತ್ತಿದೆ ಅನ್ನುವುದರ ಬೆರಳಚ್ಚನ್ನು ಟಿವಿ ಆಗಾಗ ತೆಗೆದು ಕಂಪನಿಯ ಸರ್ವರ್‌ಗೆ ಕಳಿಸುತ್ತದೆ. ಅಲ್ಲಿನ ಭಂಡಾರದ ಜೊತೆ ಹೋಲಿಸಿದರೆ ಈ ಮನೆ ಯಾವ ಚಾನೆಲ್ ನೋಡುತ್ತೆ, ಯಾವ ಚರ್ಚೆ ಬಂದಾಗ ಬದಲಿಸುತ್ತೆ ಎಲ್ಲವೂ ಗೊತ್ತಾಗುತ್ತದೆ. ಒಂದು ಮನೆ ದಿನಾ ಯಾವ ಸುದ್ದಿ ನೋಡುತ್ತದೆ ಅನ್ನುವ ಮಾಹಿತಿ ಜಾಹೀರಾತಿನವರಿಗೆ ಎಷ್ಟು ಬೆಲೆಯದ್ದೋ, ಚುನಾವಣೆ ನಡೆಸುವವರಿಗೂ ಅಷ್ಟೇ ಬೆಲೆಯದ್ದು.

ಅಮೆರಿಕದಲ್ಲಿ ವೀಜಿಯೊ ಕಂಪನಿ 1.1 ಕೋಟಿ ಟಿವಿಗಳಿಂದ ಹೀಗೆ ಒಪ್ಪಿಗೆ ಇಲ್ಲದೆ ಮಾಹಿತಿ ತೆಗೆದಿದೆ ಅನ್ನುವ ಆರೋಪ ಬಂದು, 2017ರಲ್ಲಿ 22 ಲಕ್ಷ ಡಾಲರ್ ಕಟ್ಟಿ ಪ್ರಕರಣ ಮುಗಿಸಿತು. ಮುಂದೆ ಅದೇ ಕಂಪನಿಯ ಲಾಭದಲ್ಲಿ ಟಿವಿ ಮಾರಾಟಕ್ಕಿಂತ ಜಾಹೀರಾತು ಮತ್ತು ಮಾಹಿತಿ ವಿಭಾಗದ ಪಾಲೇ ದೊಡ್ಡದಾಯ್ತು. 2024ರಲ್ಲಿ ವಾಲ್‌ಮಾರ್ಟ್ ಅದನ್ನು 230 ಕೋಟಿ ಡಾಲರ್‌ಗೆ ಕೊಂಡಿತು. ದಿನಸಿ ಮಾರುವ ಕಂಪನಿಗೆ ಟಿವಿ ಕಂಪನಿ ಯಾಕೆ ಬೇಕು ಅಂತ ಯೋಚಿಸಿ. ದೊಡ್ಡ ಪರದೆ ಇಷ್ಟು ಅಗ್ಗ ಆಗಿರುವುದಕ್ಕೆ ಒಂದು ಕಾರಣ ಇಲ್ಲಿದೆ. ಬೆಲೆಯ ಒಂದು ಭಾಗವನ್ನು ನೀವು ಅಂಗಡಿಯಲ್ಲಿ ಕೊಡ್ತೀರಿ, ಉಳಿದದ್ದನ್ನು ಮನೆಯಲ್ಲಿ ಕೂತು ದಿನಾ ಕೊಡ್ತೀರಿ.

ಒಳ್ಳೆಯ ಸುದ್ದಿಯೂ ಇದೆ. ಬ್ರಿಟನ್ ಮತ್ತು ಅಮೆರಿಕದ ಟಿವಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಒಂದು ಸಂಶೋಧನೆ, ಟಿವಿಯನ್ನು ಬರೀ ಲ್ಯಾಪ್‌ಟಾಪ್‌ನ ಪರದೆಯಾಗಿ ಬಳಸಿದಾಗಲೂ ಎಸಿಆರ್ ಕೆಲಸ ಮಾಡುತ್ತದೆ ಅಂತ ತೋರಿಸಿತು. ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿದಾಗ ಅದು ನಿಲ್ಲುತ್ತದೆ ಅಂತಲೂ ತೋರಿಸಿತು. ಅಂದರೆ ಕೀಲಿ ನಮ್ಮ ಕೈಯಲ್ಲೇ ಇದೆ. ಎಲ್ಲಿಟ್ಟಿದ್ದಾರೆ ಅಂತ ಹುಡುಕಬೇಕು ಅಷ್ಟೇ.

ಮೊದಲ ಪುಟ ವಾಪಸ್ ಪಡೆಯೋದು ಹೇಗೆ?

ನನ್ನ ಸಲಹೆ ಒಂದೇ ಸಾಲಿನದು: ಪರದೆಗೆ ದುಡ್ಡು ಕೊಡಿ, "ಸ್ಮಾರ್ಟ್"ಗೆ ಕೊಡಬೇಡಿ. ಪರದೆ ಹತ್ತು ವರ್ಷ ಬಾಳಬಹುದು. ಅದರೊಳಗಿನ ಸಾಫ್ಟ್‌ವೇರ್ ಅದರ ಅರ್ಧದಲ್ಲೇ ಮುದಿಯಾಗುತ್ತದೆ, ಆ್ಯಪ್‌ಗಳು ಒಂದೊಂದಾಗಿ ಕೈಕೊಡುತ್ತವೆ. ಆಗ ಟಿವಿ ಬಿಸಾಡಬೇಕಿಲ್ಲ, ಎಚ್‌ಡಿಎಂಐ ಕಿಂಡಿಗೆ ಒಂದು ಸ್ಟಿಕ್ ಸಿಕ್ಕಿಸಿದರೆ ಸಾಕು. ಆದ್ದರಿಂದ ಕನಿಷ್ಠ ಮೂರು ಎಚ್‌ಡಿಎಂಐ ಕಿಂಡಿ ಇರಲಿ: ಸೆಟ್‌ಟಾಪ್ ಬಾಕ್ಸ್‌ಗೊಂದು, ಸೌಂಡ್‌ಬಾರ್‌ಗೊಂದು, ಸ್ಟಿಕ್ ಅಥವಾ ಲ್ಯಾಪ್‌ಟಾಪ್‌ಗೊಂದು.

ಉಪಗ್ರಹ ಟ್ಯೂನರ್ ಒಳಗೇ ಇದೆಯಾ ಅಂತಲೂ ಕೇಳಿ. ಇದಕ್ಕಾಗಿ ಬಿಐಎಸ್ 2022ರಲ್ಲಿ ಐಎಸ್ 18112 ಅನ್ನುವ ಮಾನದಂಡ ತಂದಿದೆ. ಅಂಥ ಟಿವಿಗೆ ಸೂರಿನ ಮೇಲೊಂದು ಡಿಶ್ ಹಾಕಿದರೆ ಬಾಕ್ಸ್ ಇಲ್ಲದೆ, ತಿಂಗಳ ಬಾಡಿಗೆ ಇಲ್ಲದೆ, ಇಂಟರ್‌ನೆಟ್ ಇಲ್ಲದೆ ಚಂದನದಂಥ ಉಚಿತ ಚಾನೆಲ್ ಬರುತ್ತವೆ. ಇಂಟರ್‌ನೆಟ್ ಇಲ್ಲ ಅಂದರೆ ಕದ್ದು ನೋಡುವವರೂ ಇಲ್ಲ.

ಮನೆಗೆ ಬಂದ ದಿನದ ಹತ್ತು ನಿಮಿಷ ಅತಿ ಮುಖ್ಯ. ಇನ್‌ಸ್ಟಾಲ್ ಮಾಡಲು ಬರುವ ಹುಡುಗನಿಗೆ ಇನ್ನೂ ಆರು ಮನೆ ಕಾಯುತ್ತಿರುತ್ತವೆ. ಅವನು ಇಂಗ್ಲಿಷಿನ ಉದ್ದುದ್ದ ಪುಟಗಳಿಗೆಲ್ಲ "ಅಗ್ರೀ" ಒತ್ತಿ ಒಂದೇ ನಿಮಿಷದಲ್ಲಿ ಮುಗಿಸುತ್ತಾನೆ. ತಪ್ಪು ಅವನದಲ್ಲ. ಆದರೆ ಅಲ್ಲಿ ಒಪ್ಪಿಗೆ ಕೊಟ್ಟವರು ಯಾರು? ಚಿಕ್ಕಮ್ಮ ಅಲ್ಲ. ಹಾಗಾಗಿ "ಸೆಟಪ್ ನಾವೇ ಮಾಡ್ಕೋತೀವಿ, ಗೋಡೆಗೆ ಹಾಕಿಕೊಡು ಸಾಕಪ್ಪ" ಅನ್ನಿ. ಆಮೇಲೆ ನೀವು ಕೂತು ಹೀಗೆ ಮಾಡಿ:

1. ಭಾಷೆಯನ್ನು ಕನ್ನಡಕ್ಕೆ ಹಾಕಿ. ಇರದಿದ್ದರೆ ಕಂಪನಿಗೆ ದೂರು ಬರೆಯಿರಿ.
2. ಪ್ರೈವೆಸಿ ವಿಭಾಗಕ್ಕೆ ಹೋಗಿ ವೀಕ್ಷಣೆಯ ಮಾಹಿತಿ, ಆಸಕ್ತಿ ಆಧಾರಿತ ಜಾಹೀರಾತು, ಧ್ವನಿ ಗುರುತಿಸುವಿಕೆ ಇವುಗಳ ಒಪ್ಪಿಗೆ ತೆಗೆಯಿರಿ. ಹೆಸರು ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ, "ವ್ಯೂಯಿಂಗ್" ಅನ್ನುವ ಪದ ಹುಡುಕಿ.
3. ಗೂಗಲ್ ಟಿವಿ ಆದರೆ "ಆ್ಯಪ್ಸ್ ಓನ್ಲಿ" ಮೋಡ್ ಇರುತ್ತದೆ. ಅದನ್ನು ಹಾಕಿದರೆ ಶಿಫಾರಸುಗಳ ಸಾಲು ಬಹಳಷ್ಟು ಕಡಿಮೆಯಾಗುತ್ತದೆ.
4. ಆನ್ ಆದ ತಕ್ಷಣ ಸೆಟ್‌ಟಾಪ್ ಬಾಕ್ಸ್ ಅಥವಾ ಆ್ಯಂಟೆನಾಕ್ಕೆ ನೇರ ಹೋಗುವ ಆಯ್ಕೆ ಇದ್ದರೆ ಅದನ್ನು ಹಾಕಿ. ಅಜ್ಜಿಗೆ ಬ್ಯಾನರ್ ದಾಟುವ ಕಷ್ಟ ತಪ್ಪುತ್ತದೆ.
5. ಖರೀದಿಗೆ ಪಿನ್ ಹಾಕಿ. ಮಕ್ಕಳ ಬೆರಳು ತಗುಲಿ ಸಬ್‌ಸ್ಕ್ರಿಪ್ಷನ್ ಶುರುವಾಗೋದು ನಿಲ್ಲುತ್ತದೆ.

ಇದೆಲ್ಲ ಒಂದು ಮನೆಯ ಮಟ್ಟದ ಕೆಲಸ. ಊರೂರಿಗೆ ಹೋಗಿ ಎಲ್ಲರ ಟಿವಿಯ ಸೆಟ್ಟಿಂಗ್ಸ್ ಬದಲಿಸಲು ಆಗಲ್ಲ, ಅದಕ್ಕೆ ಕಾನೂನೇ ಬೇಕು. ಅರ್ಧ ಕಾನೂನು ಈಗಾಗಲೇ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ನೋಟಿಸನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಅಂದರೆ ಕನ್ನಡದಲ್ಲೂ. ಒಪ್ಪಿಗೆ ಕೊಡೋದು ಎಷ್ಟು ಸುಲಭವೋ ವಾಪಸ್ ತಗೊಳ್ಳೋದೂ ಅಷ್ಟೇ ಸುಲಭ ಇರಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಕಂಪನಿಗಳಿಗೆ ಮುಖ್ಯ ಕಟ್ಟಳೆಗಳು ಅನ್ವಯವಾಗುವುದು 18 ತಿಂಗಳ ನಂತರ, 2027ರ ಮೇ ಹೊತ್ತಿಗೆ.

ಉಳಿದ ಅರ್ಧವನ್ನು ನಾವು ಕೇಳಬೇಕು. ಡಬ್ಬದ ಮೇಲೆ ವ್ಯಾಟ್ ಬರೆಯುವ ಹಾಗೆ ಇನ್ನೂ ಮೂರು ಸಾಲು ಬರೆಯಲಿ: ಎಷ್ಟು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡ್ತಾರೆ, ಮೊದಲ ಪುಟದಲ್ಲಿ ಜಾಹೀರಾತು ಇದೆಯಾ ಇಲ್ಲವಾ, ವೀಕ್ಷಣೆಯ ಮಾಹಿತಿ ತೆಗೆಯುವುದು ಶುರುವಿನಲ್ಲೇ ಆನ್ ಇರುತ್ತಾ ಆಫ್ ಇರುತ್ತಾ. ಗೋಡೆಗೆ ಎಷ್ಟು ದೊಡ್ಡ ಟಿವಿ ಹಾಕಬಹುದು ಅನ್ನುವ ಗೆರೆಯನ್ನು ಸರ್ಕಾರ ಅಳಿಸಿತು, ಸಂತೋಷ. ಆ ಟಿವಿಯೊಳಗೆ ಯಾರು ಕೂತಿದ್ದಾರೆ ಅಂತ ತಿಳಿಯುವ ಹಕ್ಕನ್ನೂ ಅದರ ಜೊತೆ ಕೊಡಬೇಕಿತ್ತು. ಅದು ಇನ್ನೂ ಬಾಕಿ ಇದೆ.